ಮಂಜಿನ ಊರಲ್ಲಿ ಪೈಪಿಂದ ಬರೋ ಮಂಜು: ಫಾಗ್ ಬ್ರಿಡ್ಜ್ ಪ್ರಕರಣ

ಸ್ಯಾನ್ ಫ್ರಾನ್ಸಿಸ್ಕೋಲಿ ಮಂಜಿಗೆ ಬರ ಇಲ್ಲ. ಜೂನ್ ಜುಲೈ ಅಂದ್ರೆ ಬೇಸಿಗೆ ಅಲ್ವಾ ಅಂತ ಟೀ ಶರ್ಟ್ ಹಾಕ್ಕೊಂಡು ಬಂದವರು ಸಂಜೆ ಹೊತ್ತಿಗೆ ನಡುಗ್ತಾ ಸ್ವೆಟರ್ ಹುಡುಕ್ತಾ ಇರ್ತಾರೆ, ಅಷ್ಟು ಮಂಜು. ಇಲ್ಲಿಯವರು ಅದಕ್ಕೆ ಕಾರ್ಲ್ ಅಂತ ಒಂದು ಹೆಸರೂ ಇಟ್ಟು ಮನೆಯವನ ಥರ ಮಾತಾಡ್ತಾರೆ. ಇಂಥ ಊರಲ್ಲಿ ಎಕ್ಸ್‌ಪ್ಲೊರೇಟೋರಿಯಂ ಅನ್ನೋ ಸೈನ್ಸ್ ಮ್ಯೂಸಿಯಂ 2013ರ ಏಪ್ರಿಲಲ್ಲಿ ಎಂಬಾರ್ಕಡೆರೋ ಅನ್ನೋ ನೀರಂಚಿನ ರಸ್ತೆಯ ಪಿಯರ್ 15ಕ್ಕೆ, ಅಂದ್ರೆ ನೀರಿನ ಮೇಲೇ ಇರೋ ಒಂದು ಹಳೇ ಹಡಗುಕಟ್ಟೆಗೆ ಶಿಫ್ಟ್ ಆದಾಗ, ಜಪಾನಿನ ಫುಜಿಕೊ ನಕಾಯಾ ಅನ್ನೋ 79 ವರ್ಷದ ಕಲಾವಿದೆಯನ್ನ ಕರೆಸಿ ಮಾಡಿಸಿದ್ದು ಏನು ಗೊತ್ತಾ, ಮಂಜು. ಪಿಯರ್ 15ಕ್ಕೂ 17ಕ್ಕೂ ನಡುವೆ ನೀರಿನ ಮೇಲೆ ಸುಮಾರು 150 ಅಡಿ ಉದ್ದದ ಒಂದು ಕಾಲ್ಸೇತುವೆ ಇದೆ, ಅದರ ಉದ್ದಕ್ಕೂ 800ಕ್ಕೂ ಹೆಚ್ಚು ನಾಝಲ್ ಕೂರಿಸಿ ಹೈ ಪ್ರೆಶರಲ್ಲಿ ನೀರು ಬಿಟ್ಟು ಇಡೀ ಸೇತುವೇನ ಮಂಜಲ್ಲಿ ಮುಳುಗಿಸ್ತಾರೆ. ಕೃತಿಯ ಹೆಸರು ಫಾಗ್ ಬ್ರಿಡ್ಜ್ #72494. ಆ ನಂಬರ್ ಏನು ಅಂತ ನಾನು ಎಷ್ಟೋ ದಿನ ಯೋಚನೆ ಮಾಡಿದ್ದೆ, ಆಮೇಲೆ ಗೊತ್ತಾಯ್ತು, ಅದು ಹವಾಮಾನ ಕೇಂದ್ರದ ನಂಬರ್, ಜಗತ್ತಿನ ಹವಾಮಾನ ಇಲಾಖೆಗಳೆಲ್ಲ ಬಳಸೋ ಪಟ್ಟಿಲಿ ಸ್ಯಾನ್ ಫ್ರಾನ್ಸಿಸ್ಕೋದ್ದು. ನಕಾಯಾ ತಮ್ಮ ಮಂಜಿನ ಕೃತಿಗಳಿಗೆ ಹೀಗೇ ಹೆಸರಿಡೋದು, ಸ್ಪೇನಿನ ಬಿಲ್ಬಾವ್ ಗುಗ್ಗೆನ್‌ಹೈಮ್ ಮ್ಯೂಸಿಯಂ ಹತ್ರ 1998ರಲ್ಲಿ ಮಾಡಿದ್ದಕ್ಕೆ 08025 ಅನ್ನೋ ನಂಬರ್ ಇದೆ, ಅದು ಬಿಲ್ಬಾವ್ ಕೇಂದ್ರದ್ದು.

ನಾನು ಈ ಒಂದು ಸೇತುವೇನೇ ಹಿಡ್ಕೊಂಡು ಇಷ್ಟುದ್ದ ಬರೀತಿರೋದಕ್ಕೆ ಕಾರಣ ಇದೆ. ಸೈನ್ಸ್ ಮ್ಯೂಸಿಯಂಗಳಲ್ಲಿ ಈಗ ಎಲ್ಲಾ ಕಡೆ ಆರ್ಟ್ ಇನ್‌ಸ್ಟಲೇಶನ್ ಇಡ್ತಾರೆ, ಅದರಲ್ಲಿ ಬಹಳಷ್ಟು ನೋಡೋಕೆ ಚಂದ ಇರುತ್ತೆ, ಆದ್ರೆ ಅಲ್ಲಿ ಪ್ರಕೃತಿಯ ಚಿತ್ರ ಇರುತ್ತೇ ಹೊರತು ಪ್ರಕೃತಿ ಇರಲ್ಲ. ಅಲೆ ಥರ ಮಿನುಗೋ ಎಲ್‌ಇಡಿ, ಗುಡುಗಿನ ಥರ ಶಬ್ದ, ಹಾಗೆ. ಫಾಗ್ ಬ್ರಿಡ್ಜ್‌ನಲ್ಲಿ ಇರೋದು ನಿಜವಾದ ಮಂಜು. ಕಲಾವಿದೆ ಮಂಜು ಹುಟ್ಟೋಕೆ ಬೇಕಾದ ಸ್ಥಿತಿ ಮಾತ್ರ ಮಾಡಿಕೊಟ್ಟು ಪಕ್ಕಕ್ಕೆ ಸರಿದಿದ್ದಾರೆ, ಅದಕ್ಕೆ ಆಕಾರ ಕೊಡೋದು ಆ ಹೊತ್ತಿನ ಗಾಳಿ. ಈ ವ್ಯತ್ಯಾಸ ಎಷ್ಟು ದೊಡ್ಡದು ಅನ್ನೋದು ನನಗೆ ಅರ್ಥ ಆಗಿದ್ದು ನಮ್ಮಮ್ಮನ್ನ ಅಲ್ಲಿಗೆ ಮೂರು ಸಲ ಕರ್ಕೊಂಡು ಹೋದ ಮೇಲೆ.

ಮೊದಲು ಮ್ಯೂಸಿಯಂ ವಿಷಯ ಸ್ವಲ್ಪ ಹೇಳಲೇಬೇಕು, ಇಲ್ಲಾಂದ್ರೆ ಒಂದು ವಿಜ್ಞಾನದ ಸಂಸ್ಥೆ ಕಲಾವಿದರ ಮೇಲೆ ಯಾಕೆ ಇಷ್ಟು ನಂಬಿಕೆ ಇಟ್ಟಿತು ಅಂತ ಗೊತ್ತಾಗಲ್ಲ. ಇದನ್ನ ಶುರು ಮಾಡಿದ್ದು ಫ್ರಾಂಕ್ ಆಪನ್‌ಹೈಮರ್, ಅಣುಬಾಂಬಿನ ರಾಬರ್ಟ್ ಆಪನ್‌ಹೈಮರ್ ಅವರ ತಮ್ಮ. ಇವರೂ ಫಿಸಿಸಿಸ್ಟ್, ಆ ಬಾಂಬ್ ಮಾಡಿದ ಮ್ಯಾನ್‌ಹ್ಯಾಟನ್ ಪ್ರಾಜೆಕ್ಟಲ್ಲಿ ಇವರೂ ಕೆಲಸ ಮಾಡಿದ್ರು. ಹಿಂದೆ ಕಮ್ಯುನಿಸ್ಟ್ ಪಾರ್ಟಿಲಿ ಇದ್ದರು ಅನ್ನೋ ಕಾರಣಕ್ಕೆ 1949ರಲ್ಲಿ ಮಿನೆಸೋಟ ಯೂನಿವರ್ಸಿಟಿ ಕೆಲಸ ಹೋಯ್ತು, ಬೇರೆಲ್ಲೂ ಫಿಸಿಕ್ಸ್ ಕೆಲಸ ಸಿಗಲಿಲ್ಲ, ಕೊಲರಾಡೋದ ಪಗೋಸಾ ಸ್ಪ್ರಿಂಗ್ಸ್ ಹತ್ರ ದನ ಸಾಕ್ಕೊಂಡು ಹತ್ತಿರ ಹತ್ತಿರ ಹತ್ತು ವರ್ಷ ಕಳೆದ್ರು. ಆಮೇಲೆ ಆ ಊರಿನ ಹೈಸ್ಕೂಲಲ್ಲೇ ಸೈನ್ಸ್ ಮೇಷ್ಟ್ರಾದ್ರು. ಕೈಗೆ ಸಿಕ್ಕ ಸಾಮಾನಲ್ಲಿ ಪ್ರಯೋಗ ಮಾಡಿಸೋದು, ಹುಡುಗರೇ ಮುಟ್ಟಿ ನೋಡ್ಲಿ ಅನ್ನೋದು ಅಲ್ಲಿಂದ ಗಟ್ಟಿಯಾಯ್ತು. 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪ್ಯಾಲೇಸ್ ಆಫ್ ಫೈನ್ ಆರ್ಟ್ಸ್‌ನಲ್ಲಿ, ಅದು 1915ರ ದೊಡ್ಡ ವಸ್ತುಪ್ರದರ್ಶನಕ್ಕೆ ಕಟ್ಟಿದ್ದ ಕಟ್ಟಡ, ಎಕ್ಸ್‌ಪ್ಲೊರೇಟೋರಿಯಂ ತೆರೆದ್ರು. ಶುರುವಿನ ದಿನಗಳಲ್ಲೇ ಅಲ್ಲಿ ಕಂಪ್ಯೂಟರ್ ಮತ್ತು ಕಲೆಯ ಒಂದು ಪ್ರದರ್ಶನ ಲಂಡನ್ನಿಂದ ಬಂದಿತ್ತು, ಅಂದ್ರೆ ಕಲೆ ಅನ್ನೋದು ಆಮೇಲೆ ಅಲಂಕಾರಕ್ಕೆ ಅಂತ ಸೇರಿಸಿದ್ದಲ್ಲ. 1974ರಲ್ಲಿ ಕಲಾವಿದರು ಅಲ್ಲೇ ಇದ್ದು ಕೆಲಸ ಮಾಡೋ ರೆಸಿಡೆನ್ಸಿ ಶುರುವಾಯ್ತು. ಅದರಿಂದ ಬಂದ ಕೆಲಸಗಳಲ್ಲಿ ನನಗೆ ಬಹಳ ಇಷ್ಟ ವೇವ್ ಆರ್ಗನ್, 1986ರದ್ದು, ಪೀಟರ್ ರಿಚರ್ಡ್ಸ್ ಮತ್ತು ಜಾರ್ಜ್ ಗೊನ್ಸಾಲಸ್ ಮಾಡಿದ್ದು. ಕೊಲ್ಲಿಗೆ ಚಾಚಿಕೊಂಡಿರೋ ಕಲ್ಲಿನ ಕಟ್ಟೆಯಲ್ಲಿ ಪೈಪುಗಳನ್ನ ಹೂತಿದ್ದಾರೆ, ಅಲೆ ಬಂದಾಗ ಒಳಗೆ ನೀರು ಗುಳುಗುಳು ಅನ್ನುತ್ತೆ, ಕಿವಿ ಇಟ್ಟು ಕೇಳಬೇಕು. ಭರತದ ಹೊತ್ತಿಗೆ ಹೋದ್ರೆ ಚೆನ್ನಾಗಿ ಕೇಳುತ್ತೆ, ಇಳಿತದಲ್ಲಿ ಹೋದ್ರೆ ಅಷ್ಟೇನೂ ಇಲ್ಲ. ಅಂದ್ರೆ ಕೃತಿ ನೋಡೋಕೆ ಹೋಗೋರು ಮೊದಲು ಸಮುದ್ರದ ಟೈಮ್ ಟೇಬಲ್ ನೋಡ್ಕೊಂಡು ಹೋಗಬೇಕು, ಇದು ನನಗೆ ಬಹಳ ಸರಿ ಅನ್ಸುತ್ತೆ.

ಈಗ ನಕಾಯಾ. ಇವರ ತಂದೆ ಉಕಿಚಿರೊ ನಕಾಯಾ, ಹೊಕ್ಕೈಡೋ ಯೂನಿವರ್ಸಿಟಿಯ ಫಿಸಿಸಿಸ್ಟ್. ಲ್ಯಾಬಲ್ಲಿ ಹಿಮದ ಹರಳನ್ನ ಮೊದಲು ಬೆಳೆಸಿದವರು ಅವರೇ, 1936ರಲ್ಲಿ. ಹರಳು ಕೂರೋಕೆ ಏನಾದ್ರೂ ಆಸರೆ ಬೇಕಲ್ಲ, ಬೇರೆ ಬೇರೆ ಎಳೆಗಳನ್ನ ಕಟ್ಟಿ ನೋಡಿ ನೋಡಿ ಕೊನೆಗೆ ಕೆಲಸಕ್ಕೆ ಬಂದಿದ್ದು ಮೊಲದ ಕೂದಲು. ಆಮೇಲೆ ಅವರು ಯಾವ ಉಷ್ಣತೆ, ಎಷ್ಟು ತೇವ ಇದ್ರೆ ಹರಳು ಸೂಜಿ ಥರ ಬೆಳೆಯುತ್ತೆ, ಯಾವಾಗ ತಟ್ಟೆ ಥರ, ಯಾವಾಗ ರೆಂಬೆ ರೆಂಬೆಯಾಗಿ ಅಂತ ಒಂದು ನಕ್ಷೆ ಮಾಡಿದ್ರು, ಅದನ್ನ ಇವತ್ತಿಗೂ ನಕಾಯಾ ಡಯಾಗ್ರಾಮ್ ಅಂತಲೇ ಕರೀತಾರೆ. ಅದರ ಅರ್ಥ ಏನು ಅಂದ್ರೆ ಕೆಳಗೆ ಬಿದ್ದ ಹಿಮದ ಆಕಾರ ನೋಡಿ ಮೇಲೆ ಮೋಡದಲ್ಲಿ ಚಳಿ ಎಷ್ಟಿತ್ತು ತೇವ ಎಷ್ಟಿತ್ತು ಅಂತ ಹೇಳಬಹುದು. ಮಗಳು 1933ರಲ್ಲಿ ಸಪ್ಪೊರೋಲಿ ಹುಟ್ಟಿ ಅಮೆರಿಕದ ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿಲಿ ಓದಿ, ಯೂರೋಪಲ್ಲಿ ಪೇಂಟಿಂಗ್ ಕಲಿತು, ಬಣ್ಣ ಬಿಟ್ಟು ಕೊನೆಗೆ ಬಂದಿದ್ದು ಮಂಜಿಗೆ. ಅಪ್ಪ ಹರಳಿನ ಆಕಾರದಲ್ಲಿ ಮೋಡ ಓದಿದ್ರು, ಮಗಳು ಮಂಜಿನ ಆಕಾರದಲ್ಲಿ ನೆಲದ ಹತ್ತಿರದ ಗಾಳಿ ಓದೋಕೆ ನಮಗೆ ಜಾಗ ಮಾಡಿಕೊಟ್ರು, ನಾನು ಹೀಗೇ ನೋಡ್ತೀನಿ.

ಮೊದಲ ಮಂಜಿನ ಕೃತಿ 1970ರಲ್ಲಿ ಜಪಾನಿನ ಒಸಾಕಾದಲ್ಲಿ ನಡೆದ ಎಕ್ಸ್‌ಪೋ ಅನ್ನೋ ವಿಶ್ವ ವಸ್ತುಪ್ರದರ್ಶನದಲ್ಲಿ. ಬೆಲ್ ಲ್ಯಾಬ್ಸ್‌ನ ಇಂಜಿನಿಯರ್ ಬಿಲ್ಲಿ ಕ್ಲೂವರ್, ಕಲಾವಿದ ರಾಬರ್ಟ್ ರೌಷೆನ್‌ಬರ್ಗ್ ಮತ್ತಿತರರು ಸೇರಿ ಕಟ್ಟಿದ್ದ ಇ.ಎ.ಟಿ. (ಎಕ್ಸ್‌ಪೆರಿಮೆಂಟ್ಸ್ ಇನ್ ಆರ್ಟ್ ಅಂಡ್ ಟೆಕ್ನಾಲಜಿ) ಅನ್ನೋ ಗುಂಪಿಗೆ ಅಲ್ಲಿಯ ಪೆಪ್ಸಿ ಪೆವಿಲಿಯನ್ ಮಾಡೋ ಕೆಲಸ ಸಿಕ್ಕಿತ್ತು. ಕಟ್ಟಡ ಒಂದು ಬಿಳೀ ಗುಮ್ಮಟ, ಅದರ ರೂಪ ಕಲಾವಿದರಿಗೆ ಹಿಡಿಸಿರಲಿಲ್ಲ, ಮಂಜಲ್ಲಿ ಮುಚ್ಚೋಣ ಅಂತ ಮಾಡಿದ್ರು, ಆ ಕೆಲಸ ನಕಾಯಾಗೆ ಬಂತು. ಆಗೆಲ್ಲ ಸ್ಟೇಜ್ ಮೇಲೆ ಹೊಗೆ ಬಿಡೋ ಥರ ಕೆಮಿಕಲ್ ಮಂಜು, ಡ್ರೈ ಐಸ್ ಇವೇ ಸುಲಭದ ದಾರಿ. ನಕಾಯಾ ಮಾತ್ರ ಬರೀ ನೀರೇ ಬೇಕು, ಜನ ಒಳಗೆ ನಡೆದಾಡಬೇಕು, ಉಸಿರಾಡಬೇಕು ಅಂತ ಹಟ ಹಿಡಿದ್ರು. ಕ್ಯಾಲಿಫೋರ್ನಿಯಾದ ಥಾಮಸ್ ಮೀ ಅನ್ನೋ ಮೋಡ ವಿಜ್ಞಾನಿ ಜೊತೆ ಸೇರಿ ಸಣ್ಣ ತೂತಿನ ನಾಝಲ್ಲಿಂದ ನೀರನ್ನ ಚಿಮ್ಮಿಸಿ, ಅದರ ಬಾಯಿಗೇ ಇಟ್ಟಿರೋ ಒಂದು ಸಣ್ಣ ಪಿನ್ನಿಗೆ ಬಡಿದು ಪುಡಿಯಾಗೋ ಹಾಗೆ ಮಾಡಿದ್ರು. ಮೀ ಅವರ ಕಂಪನಿ ಆಮೇಲೆ ಇದನ್ನೇ ಗ್ರೀನ್‌ಹೌಸುಗಳಿಗೆ, ಗ್ಯಾಸ್ ಟರ್ಬೈನಿಗೆ ಹೋಗೋ ಗಾಳಿ ತಂಪು ಮಾಡೋಕೆ ಎಲ್ಲಾ ಕೊಟ್ಟಿತು. ಒಬ್ಬ ಕಲಾವಿದೆಯ ಹಟದಿಂದ ಗಟ್ಟಿಯಾದ ಒಂದು ವಸ್ತು ಪವರ್ ಪ್ಲಾಂಟಿಗೆ ಹೋಯ್ತು, ಕಲೆಯಿಂದ ವಿಜ್ಞಾನಕ್ಕೆ ಏನು ಉಪಯೋಗ ಅಂತ ಕೇಳೋರಿಗೆ ನಾನು ಹೇಳೋದು ಇದನ್ನೇ.

ಈಗ ಅಮ್ಮನ ಕಥೆಗೆ ಬರ್ತೀನಿ. ಅಮ್ಮ ತೀರ್ಥಹಳ್ಳಿ ಕಡೆಯವರು, ಅಡಿಕೆ ತೋಟ. ಆರು ತಿಂಗಳಿಗೆ ಅಂತ ನಮ್ಮಲ್ಲಿಗೆ ಬಂದಿದ್ರು, ಜುಲೈಲಿ ಬಂದು ಡಿಸೆಂಬರಲ್ಲಿ ವಾಪಸ್. ಮೊದಲ ಸಲ ಸೇತುವೆ ಹತ್ರ ಹೋದಾಗ ಮಂಜು ಇನ್ನೂ ಬಿಟ್ಟಿರಲಿಲ್ಲ, ಅದನ್ನ ಇಡೀ ದಿನ ಬಿಡಲ್ಲ, ಹೊತ್ತು ಹೊತ್ತಿಗೆ ಕೆಲವೇ ನಿಮಿಷ. ಅಮ್ಮ ರೇಲಿಂಗ್ ಹತ್ರ ಬಗ್ಗಿ ಆ ಪೈಪನ್ನ, ಅದರಲ್ಲಿ ಸಾಲಾಗಿ ಕೂತಿರೋ ನಾಝಲ್‌ಗಳನ್ನ ನೋಡಿ, "ಇದೆಂತದೋ, ಔಷಧಿ ಹೊಡೆಯೋ ನಾಝಲ್ ಇದ್ದಂಗೆ ಇದ್ಯಲ್ಲೋ" ಅಂದ್ರು. ನನಗೆ ಮೈ ಜುಮ್ ಅಂತು, ಯಾಕಂದ್ರೆ ಅದು ಅಷ್ಟು ಸರಿಯಾದ ಮಾತು. ಮಳೆಗಾಲ ಹಿಡಿಯೋ ಮುಂಚೆ ಅಡಿಕೆಗೆ ಕೊಳೆ ಬರದಿರಲಿ ಅಂತ ಮೈಲುತುತ್ತ ಸುಣ್ಣ ಕಲಸಿ ಬೋರ್ಡೋ ಹೊಡೆಸೋದು ಪ್ರತಿ ವರ್ಷದ ಕೆಲಸ, ಸುಣ್ಣದ ನೀರನ್ನ ಬಟ್ಟೆಲಿ ಸೋಸದೆ ಹಾಕಿದ್ರೆ ಮೇಲೆ ಮರ ಹತ್ತಿದವನ ಕೈಲಿ ನಾಝಲ್ ಕಟ್ಟಿಕೊಂಡು ಅರ್ಧ ದಿನ ಹಾಳು. "ಇವರು ನೀರು ಸೋಸ್ತಾರೇನೋ?" ಅಂತ ಕೇಳಿದ್ರು. ಸೋಸಲೇಬೇಕಮ್ಮ ಅಂದೆ. ಇಂಥ ನಾಝಲ್‌ನ ತೂತು ಸುಮಾರು 0.15 ಮಿಲಿಮೀಟರ್, ಎರಡು ಕೂದಲು ಜೋಡಿಸಿದಷ್ಟು, ಒಂದು ಮರಳಿನ ಕಣ ಸಾಕು ಮುಚ್ಚಿಹೋಗೋಕೆ.

ಪ್ರೆಶರ್ ಎಷ್ಟು ಅಂದ್ರೆ ಈ ಬಗೆಯ ಸಿಸ್ಟಮ್‌ಗಳಲ್ಲಿ ಸುಮಾರು 70 ವಾಯುಭಾರ, ಕಾರಿನ ಟೈರಿಗೆ ತುಂಬೋ ಗಾಳಿಯ ಮೂವತ್ತು ಪಟ್ಟಿಗೂ ಮೇಲೆ. ಮನೆಗೆ ಬಂದು ಪೇಪರ್ ಮೇಲೆ ಲೆಕ್ಕ ಹಾಕಿದೆ, ಅಷ್ಟು ಒತ್ತಡಕ್ಕೆ ನೀರು ಆ ತೂತಿಂದ ಗಂಟೆಗೆ 400 ಕಿಲೋಮೀಟರ್ ವೇಗಕ್ಕೂ ಮೇಲೆ ಹೊರಗೆ ಬರುತ್ತೆ, ಬಂದು ಪಿನ್ನಿಗೆ ಬಡಿಯುತ್ತೆ, ಬಡಿದು ಸುಮಾರು 20 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ಸೈಜಿನ ಹನಿಗಳಾಗಿ ಒಡೆಯುತ್ತೆ. ನಿಜವಾದ ಮಂಜಿನ ಹನಿನೂ ಹೆಚ್ಚುಕಡಿಮೆ ಅಷ್ಟೇ ಇರೋದು. ಒಂದು ಲೀಟರ್ ನೀರನ್ನ ಆ ಸೈಜಿಗೆ ಒಡೆದ್ರೆ ಸುಮಾರು 24,000 ಕೋಟಿ ಹನಿ ಆಗುತ್ತೆ, ಅವುಗಳ ಮೈ ಎಲ್ಲಾ ಹರಡಿದ್ರೆ 300 ಚದರ ಮೀಟರ್, ಅಂದ್ರೆ ಬೆಂಗಳೂರಿನ ಒಂದು 40-60 ಸೈಟಿಗಿಂತ ದೊಡ್ಡದು, ಒಂದೇ ಒಂದು ಲೀಟರಿಗೆ. ಮೈ ಅಷ್ಟು ದೊಡ್ಡದಾದ್ದರಿಂದಲೇ ಬೇಗ ಆವಿಯಾಗುತ್ತೆ, ಆವಿಯಾಗುವಾಗ ಸುತ್ತಲಿನ ಗಾಳಿಯಿಂದ ಶಾಖ ಎಳೆದುಕೊಳ್ಳುತ್ತೆ, ಒಂದು ಲೀಟರ್ ಪೂರ್ತಿ ಆವಿಯಾದ್ರೆ ಸುಮಾರು 2,000 ಘನ ಮೀಟರ್ ಗಾಳಿ ಒಂದು ಡಿಗ್ರಿ ತಣ್ಣಗಾಗಬಹುದು. ಆ ತಣ್ಣನೆ ಗಾಳಿ ಭಾರ, ಅದಕ್ಕೇ ಮಂಜು ಸೇತುವೆ ಬದಿಯಿಂದ ನೀರಿನ ಕಡೆಗೆ ಹಾಲು ಉಕ್ಕಿ ಚೆಲ್ಲಿದ ಹಾಗೆ ಜಾರುತ್ತೆ. ಹನಿಗಳು ತಾವಾಗಿ ಬೀಳೋ ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರ್ ಚಿಲ್ಲರೆ ಅಷ್ಟೇ, ಗಾಳಿ ಎಷ್ಟು ಮೆಲ್ಲಗಿದ್ರೂ ಅದಕ್ಕಿಂತ ಜೋರೇ ಇರುತ್ತೆ, ಹಾಗಾಗಿ ಅವು ಗಾಳಿ ಹೇಳಿದ ಕಡೆ ಹೋಗ್ತವೆ. ಬಣ್ಣ ಬೆಳ್ಳಗೆ ಯಾಕೆ ಅಂದ್ರೆ ಹನಿ ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡದು, ಎಲ್ಲಾ ಬಣ್ಣಾನೂ ಹೆಚ್ಚುಕಡಿಮೆ ಒಂದೇ ಥರ ಚದುರಿಸುತ್ತೆ.

ಆ ಮೊದಲ ಭೇಟಿ ಜುಲೈನ ಒಂದು ಶನಿವಾರ ಮಧ್ಯಾಹ್ನ. ಪಂಪ್ ಶುರುವಾಗಿ ಸುಂಯ್ ಅಂತ ಒಂದು ಶಬ್ದ ಬಂತು, ನಾಝಲ್‌ಗಳಿಂದ ಬಿಳೀ ಎಳೆಗಳು ಹೊರಟ್ವು, ಎಲ್ಲರೂ ಫೋನ್ ಎತ್ತಿದ್ರು. ಆದ್ರೆ ಪಶ್ಚಿಮದ ಗಾಳಿ ಜೋರಾಗಿತ್ತು, ಮಂಜು ಸೇತುವೆ ಮೇಲೆ ನಿಲ್ಲಲೇ ಇಲ್ಲ, ಹುಟ್ಟಿದ್ದೇ ತಡ ಕೊಲ್ಲಿ ಕಡೆಗೆ ಹರಿದು ಸ್ವಲ್ಪ ದೂರಕ್ಕೇ ಕರಗಿ ಹೋಯ್ತು. ನನ್ನ ಮಗಳಿಗೆ ಒಂಬತ್ತು ವರ್ಷ, ಅವಳಿಗೆ ಬಹಳ ಬೇಜಾರಾಯ್ತು, ವಿಡಿಯೋದಲ್ಲಿ ನೋಡಿದ ಹಾಗೆ ಬರಲೇ ಇಲ್ಲ ಅಂತ. ಅಮ್ಮ ಮಾತ್ರ ಕೈ ಅಡ್ಡ ಹಿಡಿದು ಮಂಜಿನ ಆ ಹರಿವನ್ನೇ ನೋಡ್ತಾ ಇದ್ರು. ಆಮೇಲೆ ಬೆಂಚ್ ಮೇಲೆ ಕೂತು ಮೊಮ್ಮಗಳಿಗೆ ಒಂದು ಮಾತು ಹೇಳಿದ್ರು, ಅದು ನಾನು ಊರಲ್ಲಿ ಹುಟ್ಟಿ ಬೆಳೆದೂ ಕೇಳಿರಲಿಲ್ಲ: "ಪುಟ್ಟಿ, ನಮ್ಮ ಕಡೆ ಚಳಿಗಾಲದ ಮಂಜು ಕೆಳಗಿಂದ ಏಳತ್ತೆ, ಗದ್ದೆಯಿಂದ, ಹಳ್ಳದಿಂದ. ಮಳೆಗಾಲದ್ದು ಮೇಲಿಂದ ಇಳಿಯತ್ತೆ, ಗುಡ್ಡದ ಮೇಲಿಂದ. ನಿಮ್ಮೂರಿಂದು ನೋಡು, ಪಕ್ಕದಿಂದ ಬರತ್ತೆ."

ಹವಾಮಾನದ ಪುಸ್ತಕ ಒಂದು ಅಧ್ಯಾಯ ಪೂರ್ತಿ ಹೇಳೋದು ಇದನ್ನೇ. ಚಳಿಗಾಲದ ರಾತ್ರಿ ಆಕಾಶ ತಿಳಿಯಾಗಿದ್ರೆ ನೆಲ ತನ್ನ ಶಾಖ ಬಿಟ್ಟುಕೊಟ್ಟು ತಣ್ಣಗಾಗುತ್ತೆ, ನೆಲಕ್ಕೆ ತಾಗಿದ ತೇವದ ಗಾಳಿಯೂ ತಣ್ಣಗಾಗಿ ಗದ್ದೆ ಬಯಲಲ್ಲೇ ಮಂಜು ಕಟ್ಟುತ್ತೆ, ಅದು ಕೆಳಗಿಂದ ಏಳೋದು. ಮಳೆಗಾಲದಲ್ಲಿ ಅರಬ್ಬೀ ಸಮುದ್ರದ ಗಾಳಿ ಘಟ್ಟ ಹತ್ತುವಾಗ ಮೇಲೆ ಮೇಲೆ ಹೋದ ಹಾಗೆ ತಂಪಾಗಿ ಮೋಡ ಆಗುತ್ತೆ, ಆ ಮೋಡದೊಳಗೇ ನಾವಿದ್ರೆ ನಮಗದು ಗುಡ್ಡದಿಂದ ಇಳಿದ ಮಂಜು. ಇಲ್ಲಿ ಆಗೋದು ಬೇರೆ: ಕ್ಯಾಲಿಫೋರ್ನಿಯಾ ಕರಾವಳಿ ಉದ್ದಕ್ಕೂ ಸಮುದ್ರದ ಆಳದ ತಣ್ಣೀರು ಮೇಲೆ ಬರ್ತಾ ಇರುತ್ತೆ, ಬೇಸಿಗೆಯಲ್ಲೂ ನೀರು 12-13 ಡಿಗ್ರಿ ಆಸುಪಾಸು, ಅದರ ಮೇಲೆ ಪೆಸಿಫಿಕ್‌ನ ತೇವದ ಗಾಳಿ ಹಾದು ಬಂದಾಗ ಮಂಜಾಗುತ್ತೆ. ಅದೇ ಹೊತ್ತಿಗೆ ಒಳನಾಡಿನ ಸೆಂಟ್ರಲ್ ವ್ಯಾಲಿ 40 ಡಿಗ್ರಿ ಬಿಸಿಲಲ್ಲಿ ಕಾದು ಅಲ್ಲಿಯ ಗಾಳಿ ಮೇಲೇರ್ತಾ ಇರುತ್ತೆ, ಆ ಜಾಗ ತುಂಬೋಕೆ ಸಮುದ್ರದ ಗಾಳಿ ಮಂಜನ್ನೂ ಹೊತ್ತುಕೊಂಡು ಗೋಲ್ಡನ್ ಗೇಟ್ ಕಿಂಡಿಯೊಳಗೆ ನುಗ್ಗುತ್ತೆ. ಪಕ್ಕದಿಂದ ಬರೋದು ಅಂದ್ರೆ ಇದೇ. ಅಮ್ಮನಿಗೆ ಸೇತುವೆ ಮೇಲೆ ಇದು ಹೊಳೆದಿದ್ದು ಯಾವ ಬೋರ್ಡ್ ಓದಿಯೂ ಅಲ್ಲ. ಪೈಪಿಂದ ಬಂದ ಮಂಜು ಸೀದಾ ಪಕ್ಕಕ್ಕೆ ಓಡಿದ್ದನ್ನ ಕಣ್ಣಾರೆ ಕಂಡಿದ್ದರಿಂದ, ಗಾಳಿಯ ದಿಕ್ಕು ಅಲ್ಲಿ ಬರೆದಿಟ್ಟ ಹಾಗೆ ಇದ್ದಿದ್ದರಿಂದ. ಮಂಜಿನ ಊರಿಗೆ ಮತ್ಯಾಕೆ ಮಂಜು ಅನ್ನೋ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಅಲ್ಲೇ. ದೊಡ್ಡ ಮಂಜು ಊರನ್ನೆಲ್ಲ ಮುಚ್ಚುತ್ತೆ, ಅದರ ಆಕಾರ ನಮಗೆ ಕಾಣಲ್ಲ, ಅದರ ಶುರು ಎಲ್ಲಿ ಕೊನೆ ಎಲ್ಲಿ ಗೊತ್ತಾಗಲ್ಲ. 150 ಅಡಿಯ ಮಂಜಿಗೆ ಹುಟ್ಟು ಇದೆ, ಓಟ ಇದೆ, ಕರಗೋ ಜಾಗ ಇದೆ, ಕೆಲವೇ ನಿಮಿಷದಲ್ಲಿ ಅದರ ಇಡೀ ಆಯಸ್ಸು ನೋಡಿಬಿಡಬಹುದು.

ಅವತ್ತೇ ಒಳಗೆ ಹೋಗಿ ಕಲಾವಿದ ನೆಡ್ ಕಾನ್ ಅವರ ಟೊರ್ನೇಡೊ ಕೂಡ ನೋಡಿದ್ವಿ. ಅವರೂ ಇಲ್ಲೇ 1982ರಿಂದ ಆಪನ್‌ಹೈಮರ್ ಜೊತೆ ಕೆಲಸ ಕಲಿತವರು, 2003ರಲ್ಲಿ ಅಮೆರಿಕದ ದೊಡ್ಡ ಗೌರವಗಳಲ್ಲಿ ಒಂದಾದ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂತು. ಕೆಳಗಿಂದ ಮಂಜು, ಸುತ್ತ ನಿಂತ ಕಂಬಗಳಿಂದ ಓರೆಯಾಗಿ ಗಾಳಿ, ಮೇಲೆ ಎಳೆಯೋ ಫ್ಯಾನು, ನಡುವೆ ಆಳಿಗಿಂತ ಎತ್ತರದ ಸುಳಿ ತಾನಾಗಿ ನಿಲ್ಲುತ್ತೆ. ಮಗಳು ಕೈ ಹಾಕಿದ್ಲು, ಮುರೀತು, ಕೈ ತೆಗೆದ್ಲು, ಮತ್ತೆ ಕಟ್ಟಿಕೊಂಡಿತು. ಬಹಳ ಚೆನ್ನಾಗಿದೆ, ಮಕ್ಕಳು ಅಲ್ಲಿಂದ ಏಳಲ್ಲ. ಆದ್ರೆ ಅಲ್ಲಿ ಗಾಳಿ ಮ್ಯೂಸಿಯಂನವರ ಕೈಲಿದೆ, ಇವತ್ತು ಹೋದ್ರೂ ನಾಳೆ ಹೋದ್ರೂ ಅದೇ ಸುಳಿ. ಸೇತುವೆಯಲ್ಲಿ ಗಾಳಿ ಯಾರ ಕೈಲೂ ಇಲ್ಲ, ನನಗೆ ಅದೇ ಹೆಚ್ಚು ಬೆಲೆಯದ್ದು ಅನ್ಸುತ್ತೆ, ಮೊದಲ ದಿನ ಮಗಳಿಗೆ ಬೇಜಾರಾದ್ರೂ ಕೂಡ. ಆ ಬೇಜಾರಿಂದಲೇ ಅವಳು ಮನೆಗೆ ಬರ್ತಾ ಕಾರಲ್ಲಿ ಕೇಳಿದ್ಲು, ಹಾಗಾದ್ರೆ ಯಾವತ್ತು ಬಂದ್ರೆ ನಿಲ್ಲುತ್ತೆ ಅಂತ.

ಎರಡನೇ ಸಲ ಹೋಗಿದ್ದು ಅಕ್ಟೋಬರಲ್ಲಿ. ಇಲ್ಲಿ ಅಕ್ಟೋಬರ್ ಅಂದ್ರೆ ಒಣ ಬಿಸಿಲು, ಗಾಳಿ ಕಮ್ಮಿ. ಮಗಳು ಒಂದು ನೋಟ್‌ಬುಕ್ ತಂದಿದ್ಲು. ಅವಳು ತಾನೇ ಮಾಡ್ಕೊಂಡ ಅಳತೆ ಏನು ಅಂದ್ರೆ, ಸೇತುವೆಯ ಒಂದು ತುದಿಲಿ ನಿಂತು ರೇಲಿಂಗಿನ ಎಷ್ಟು ಕಂಬ ಕಾಣುತ್ತೆ ಅಂತ ಎಣಿಸೋದು, ಕಂಬ ಕಮ್ಮಿ ಕಂಡ್ರೆ ಮಂಜು ದಟ್ಟ. ಯಾರೂ ಹೇಳಿಕೊಟ್ಟಿದ್ದಲ್ಲ, ಆದ್ರೆ ಹವಾಮಾನದವರು ಮಂಜನ್ನ ಅಳೆಯೋದೂ ಹೀಗೇ, ಒಂದು ಕಿಲೋಮೀಟರ್ ಒಳಗಿರೋದು ಮಾತ್ರ ಕಾಣೋ ಹಾಗಿದ್ರೆ ಅದನ್ನ ಮಂಜು ಅಂತಾರೆ. ಅವತ್ತು ಮಂಜು ಸೇತುವೆ ಮೇಲೆ ಎದ್ದು ನಿಂತಿತು, ಆದ್ರೆ ಗಾಳಿ ಒಣಗಿದ್ದರಿಂದ ಅಂಚುಗಳು ಬೇಗ ಬೇಗ ಕರಗ್ತಾ ಇದ್ವು, ತೂತು ಬಿದ್ದ ಬಟ್ಟೆ ಥರ ಮಧ್ಯೆ ಮಧ್ಯೆ ಬಿಸಿಲು ಬೀಳ್ತಾ ಇತ್ತು. ಬಿಸಿಲು ಬೆನ್ನಿಗೆ ಬಿದ್ದಾಗ ನಮ್ಮ ನೆರಳಿನ ಸುತ್ತ ಬೆಳ್ಳಗೆ ಒಂದು ಬಿಲ್ಲು ಕಾಣ್ತು, ಮಳೆಬಿಲ್ಲಿನ ಥರ ಆದ್ರೆ ಬಣ್ಣ ಇಲ್ಲದ್ದು, ಹನಿ ಸಣ್ಣದಾದಷ್ಟೂ ಬಣ್ಣಗಳು ಒಂದರ ಮೇಲೊಂದು ಹರಡಿ ಬೆಳ್ಳಗಾಗುತ್ತವೆ. ಅಮ್ಮ ಅದನ್ನ ಮೊದಲು ನೋಡಿದ್ದು, ನಾನು ಫೋನಲ್ಲಿ ಮುಳುಗಿದ್ದೆ. ಒಂಬತ್ತು ಕಂಬ ಅಂತ ಮಗಳು ನೋಟ್‌ಬುಕ್ಕಲ್ಲಿ ಬರೆದಿದ್ದಾಳೆ.

ಮೂರನೇ ಸಲ ಡಿಸೆಂಬರ್, ಅಮ್ಮ ಹೊರಡೋ ವಾರ. ಬೆಳಗ್ಗೆ, ಮೋಡ, ಹಿಂದಿನ ರಾತ್ರಿ ಮಳೆ ಬಂದು ನಿಂತಿತ್ತು, ಗಾಳಿ ಇಲ್ಲವೇ ಇಲ್ಲ. ಮಂಜು ಶುರುವಾಗಿದ್ದು ಮೊದಲು ಕಾಲ ಹತ್ರ, ಆಮೇಲೆ ಮೊಣಕಾಲು, ಆಮೇಲೆ ಸೊಂಟ, ಒಂದು ನಿಮಿಷಕ್ಕೆಲ್ಲ ನನ್ನ ಕೈ ಹಿಡಿದಿದ್ದ ಅಮ್ಮನ ಮುಖ ಮಸುಕಾಯ್ತು. ಶಬ್ದಾನೂ ಬದಲಾದ ಹಾಗಿತ್ತು, ಎಲ್ಲರೂ ಮಾತು ನಿಲ್ಲಿಸಿದ್ರು, ಎಲ್ಲೋ ಒಂದು ಮಗು ನಗ್ತಾ ಇತ್ತು, ಎಲ್ಲಿ ಅಂತ ಗೊತ್ತಾಗ್ತಿರಲಿಲ್ಲ. ಅಮ್ಮನ ಕನ್ನಡಕದ ಮೇಲೆ ಹನಿ ಕೂತು ಅವರು ಅದನ್ನ ತೆಗೆದು ಸೆರಗಲ್ಲಿ ಒರೆಸಿಕೊಂಡ್ರು, ಹುಬ್ಬಿನ ಕೂದಲ ಒಂದೊಂದರ ತುದಿಲೂ ಒಂದೊಂದು ಬಿಳೀ ಚುಕ್ಕಿ ಇತ್ತು. "ಇದು ಕಾವಳಾನೇ ಕಣೋ, ಆದ್ರೆ ಮಣ್ಣಿನ ವಾಸನೆ ಇಲ್ಲ" ಅಂದ್ರು. ಎರಡೇ ಕಂಬ.

ಇನ್ನು ಕೊರತೆಗಳು. ನೀರಿನ ಪ್ರಶ್ನೆ ಕೇಳಲೇಬೇಕು. ನಾಝಲ್ ಒಂದಕ್ಕೆ ನಿಮಿಷಕ್ಕೆ 0.1 ಲೀಟರ್ ಅಂತ ನನ್ನ ಅಂದಾಜು, 800 ನಾಝಲ್ ಒಟ್ಟಿಗೆ ಬಿಟ್ರೆ ನಿಮಿಷಕ್ಕೆ 80 ಲೀಟರ್, ಒಂದು 500 ಲೀಟರಿನ ಸಿಂಟೆಕ್ಸ್ ಟ್ಯಾಂಕ್ ಆರೇಳು ನಿಮಿಷಕ್ಕೆ ಖಾಲಿ. ಸೇತುವೆ ತೆರೆದ ಮರು ವರ್ಷ 2014ರ ಜನವರಿಲೇ ಕ್ಯಾಲಿಫೋರ್ನಿಯಾದಲ್ಲಿ ಬರದ ತುರ್ತು ಪರಿಸ್ಥಿತಿ ಘೋಷಣೆ ಆಗಿತ್ತು, ಜನ ಮನೆ ಮುಂದಿನ ಹುಲ್ಲಿಗೆ ನೀರು ಬಿಡೋದು ನಿಲ್ಲಿಸಿದ್ದ ಕಾಲ. ಹೊತ್ತು ಹೊತ್ತಿಗೆ ಕೆಲವೇ ನಿಮಿಷ ಬಿಟ್ಟು ಸಾವಿರಾರು ಜನರಿಗೆ ತೋರಿಸೋದು ನನ್ನ ಲೆಕ್ಕದಲ್ಲಿ ದುಂದು ಅಲ್ಲ, ಆದರೂ ಇಂಥದ್ದನ್ನ ನಮ್ಮ ಕಡೆ ಯಾರಾದ್ರೂ ಮಾಡೋಕೆ ಹೊರಟ್ರೆ ಮೊದಲ ಪ್ರಶ್ನೆ ನೀರು ಎಲ್ಲಿಂದ ಅನ್ನೋದೇ ಆಗಿರಬೇಕು. ಎರಡನೇದು, ಗಾಳಿ ಜೋರಾದ ದಿನ ದೂರದಿಂದ ಬಂದವರು ನಿರಾಸೆಯಿಂದ ಹೋಗ್ತಾರೆ. ಅವತ್ತು ಹಾಗೇ ಹೋದವರಲ್ಲಿ ಎಷ್ಟು ಜನ ಮತ್ತೆ ಬರ್ತಾರೆ ಹೇಳಿ, ನಾವಾದ್ರೆ ಒಂದು ಗಂಟೆ ದೂರದಲ್ಲಿದೀವಿ, ಮೂರು ಸಲ ಹೋದ್ವಿ. ಇವತ್ತಿನ ಗಾಳಿ ಹೀಗಿದೆ, ಅದಕ್ಕೆ ಮಂಜು ಹೀಗೆ ಹೋಗ್ತಿದೆ ಅಂತ ಒಬ್ಬರು ನಿಂತು ಜೊತೆಗೆ ನೋಡೋ ಹಾಗಿದ್ರೆ ಆ ದಿನದ ಮಂಜೂ ವ್ಯರ್ಥ ಆಗಲ್ಲ. ಬೋರ್ಡ್ ಹಾಕಿ ವಿವರಿಸಬೇಕು ಅಂತ ನಾನು ಹೇಳ್ತಿಲ್ಲ, ಬೋರ್ಡ್ ಇದ್ದಿದ್ರೆ ನಮ್ಮಮ್ಮ ಅದನ್ನ ಓದಿಸ್ಕೊಂಡು ಸುಮ್ಮನಾಗಿಬಿಡ್ತಿದ್ರೇನೋ.

ಈ ಕೃತಿ ಮೊದಲು ಕೆಲವು ತಿಂಗಳಿಗೆ ಅಂತ ಮಾಡಿದ್ದು, ಆಮೇಲೆ ಉಳಿಸಿಕೊಂಡ್ರು. ಇದಕ್ಕೆ ಟಿಕೆಟ್ ಬೇಕಿಲ್ಲ, ಹೊರಗಿನ ಜಾಗ, ದಾರಿಲಿ ಹೋಗೋರೂ ಬಂದು ನಿಲ್ಲಬಹುದು. ಬೆಂಗಳೂರಲ್ಲೂ 2024ರಿಂದ ಸೈನ್ಸ್ ಗ್ಯಾಲರಿ ಅಂತ ಕಲೆ ವಿಜ್ಞಾನ ಎರಡನ್ನೂ ಸೇರಿಸೋ ಜಾಗ ತೆರೆದಿದೆ, ಊರಿಗೆ ಹೋದಾಗ ನೋಡಬೇಕು. ನನಗೆ ಮಾತ್ರ ಒಂದು ಆಸೆ, ಆಗುಂಬೆಯಲ್ಲೋ ಮಡಿಕೇರಿಯಲ್ಲೋ ಮಂಜನ್ನ ಮಾಡೋದೇನೂ ಬೇಡ, ಅದು ತಾನೇ ಬರುತ್ತೆ, ಅದು ಎಷ್ಟು ಹೊತ್ತಿಗೆ ಯಾವ ಕಡೆಯಿಂದ ಬಂತು ಅಂತ ನಿಂತು ನೋಡೋಕೆ ಒಂದು ಕಟ್ಟೆ, ಎಣಿಸೋಕೆ ಒಂದಷ್ಟು ಕಂಬ, ಅಷ್ಟಾದ್ರೂ ಯಾರಾದ್ರೂ ಕಟ್ಟಿಸ್ಲಿ.

ಅಮ್ಮ ಊರಿಗೆ ವಾಪಸ್ ಹೋಗಿ ಒಂದು ತಿಂಗಳ ಮೇಲಾಯ್ತು. ನಮಗೆ ಸಂಜೆ ಆದಾಗ ಅಲ್ಲಿ ಬೆಳಗ್ಗೆ, ಮಗಳು ದಿನಾ ವಿಡಿಯೋ ಕಾಲ್ ಮಾಡಿ ನೋಟ್‌ಬುಕ್ ಬಿಚ್ಚಿಕೊಂಡು ಕೂರ್ತಾಳೆ. "ಅಜ್ಜಿ, ಇವತ್ತು ಎಷ್ಟು?" ಅಂತ ಕೇಳ್ತಾಳೆ. ಅಮ್ಮ ಫೋನ್ ಹಿಡ್ಕೊಂಡೇ ಅಂಗಳದ ತುದಿವರೆಗೂ ಹೋಗಿ ತೋಟದ ಕಡೆ ತಿರುಗಿ ನಿಂತು ಎಣಿಸ್ತಾರೆ. ಇವತ್ತು ನಾಲ್ಕು ಅಡಿಕೆ ಮರ, ಕೆಳಗಿಂದ ಎದ್ದಿದ್ದು.